ಮೇಲ್‌ನಲ್ಲಿ ಬಂದ ಫೈಲು ಎಲ್ಲಿ ಹೋಗಿ ಕೂರುತ್ತದೆ?

ಪ್ರಶ್ನೆ: ನಾನು ಸಣ್ಣ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನವೂ ಬಿಲ್ಲು, ಕೊಟೇಶನ್, ಎಕ್ಸೆಲ್ ಪಟ್ಟಿಗಳು ಇಮೇಲ್‌ನಲ್ಲಿ ಬರುತ್ತವೆ. ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇದೆ. ಮನೆಯಲ್ಲಿ ಕ್ರೋಮ್ ಬ್ರೌಸರಿನಲ್ಲಿ ಜಿಮೇಲ್ ನೋಡುತ್ತೇನೆ. ಔಟ್‌ಲುಕ್‌ನಲ್ಲಿ ಅಟ್ಯಾಚ್‌ಮೆಂಟ್ ಉಳಿಸಲು ಹೋದಾಗಲೆಲ್ಲ ಡಾಕ್ಯುಮೆಂಟ್ಸ್ ಫೋಲ್ಡರೇ ತೆರೆದುಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿ ನಾನೇ ಮಾಡಿಕೊಂಡಿರುವ ಫೋಲ್ಡರಿಗೆ ಪ್ರತಿ ಸಲವೂ ಹುಡುಕಿಕೊಂಡು ಹೋಗಬೇಕು. ಆಪ್ಷನ್ಸ್‌ನಲ್ಲಿ ಎಷ್ಟು ಜಾಲಾಡಿದರೂ ಇದನ್ನು ಬದಲಿಸುವ ಜಾಗ ಸಿಗಲಿಲ್ಲ. ಒಬ್ಬ ಸಹೋದ್ಯೋಗಿ ರಿಜಿಸ್ಟ್ರಿಯಲ್ಲಿ ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ರಿಜಿಸ್ಟ್ರಿಯನ್ನು ಮುಟ್ಟಿದರೆ ವಿಂಡೋಸೇ ಕೆಡುತ್ತದೆ ಎಂದು ಹೆದರಿಸುತ್ತಾರೆ. ಫೋಲ್ಡರ್ ಬದಲಿಸಿದರೆ ಹಿಂದೆ ಉಳಿಸಿದ ಫೈಲುಗಳು ಹೋಗಿಬಿಡುತ್ತವೆಯೇ? ಇನ್ನೊಂದು ಸಂಕಟವೂ ಇದೆ. ಮೊನ್ನೆ ಮೇಲ್‌ನಿಂದ ನೇರವಾಗಿ ತೆರೆದ ಎಕ್ಸೆಲ್ ಫೈಲನ್ನು ಮಧ್ಯಾಹ್ನವಿಡೀ ತಿದ್ದಿ, ಸೇವ್ ಮಾಡಿ ಮುಚ್ಚಿದೆ. ಮರುದಿನ ಅದೇ ಮೇಲ್ ತೆರೆದರೆ ಹಳೆಯ ಫೈಲೇ ಇತ್ತು. ನನ್ನ ತಿದ್ದುಪಡಿಗಳು ಎಲ್ಲಿ ಹೋದವು?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ನೋಡೋಣ. ಫೋಲ್ಡರ್ ಬದಲಿಸುವ ಕೆಲಸ ಇನ್ನೊಂದು ವಾರ ಕಾದರೂ ನಷ್ಟವಿಲ್ಲ. ಆ ಎಕ್ಸೆಲ್ ಫೈಲು ಕಾಯುವುದಿಲ್ಲ.

ಮೇಲ್‌ನಲ್ಲಿರುವ ಅಟ್ಯಾಚ್‌ಮೆಂಟನ್ನು ಎರಡು ಸಲ ಒತ್ತಿ ತೆರೆದಾಗ ಔಟ್‌ಲುಕ್ ಅದರ ಒಂದು ಪ್ರತಿಯನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಇಳಿಸಿ, ಆ ಪ್ರತಿಯನ್ನು ಎಕ್ಸೆಲ್ ಕೈಗೆ ಕೊಡುತ್ತದೆ. ನೀವು ತಿದ್ದಿದ್ದು ಆ ಪ್ರತಿಯನ್ನು. ಮೇಲ್‌ನೊಳಗಿನ ಮೂಲ ಫೈಲು ಹಾಗೆಯೇ ಇತ್ತು, ಈಗಲೂ ಹಾಗೆಯೇ ಇದೆ. ತಾತ್ಕಾಲಿಕ ಪ್ರತಿ ಸಾಮಾನ್ಯವಾಗಿ ‘ಓದಲು ಮಾತ್ರ’ ಎಂಬ ಗುರುತು ಹೊತ್ತಿರುತ್ತದೆ. ಆಗ ಸೇವ್ ಒತ್ತಿದರೆ ಹೆಸರು, ಜಾಗ ಕೇಳುವ ಸೇವ್ ಆಸ್ ಕಿಟಕಿ ಬರುತ್ತದೆ. ಅದು ಯಾವ ಜಾಗ ತೋರಿಸುತ್ತಿದೆ ಎಂದು ಓದದೆ ಸರಿ ಎಂದು ಒತ್ತಿಬಿಡುವವರೇ ಹೆಚ್ಚು. ಕೆಲಸದ ಭರದಲ್ಲಿ ಯಾರೂ ಓದುವುದಿಲ್ಲ.

ಹುಡುಕುವ ಕ್ರಮ ಹೀಗಿದೆ. ಮೊದಲು ಎಕ್ಸೆಲ್ ತೆರೆದು, ಫೈಲ್ ಮೆನುವಿನ ಓಪನ್‌ನಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ನೋಡಿ. ನಿಮ್ಮ ಫೈಲಿನ ಹೆಸರು ಅಲ್ಲಿದ್ದರೆ ಅದರ ಮೇಲೆ ಒತ್ತಿ. ಅದು ತೆರೆದರೆ ತಕ್ಷಣ ನಿಮ್ಮದೇ ಫೋಲ್ಡರಿಗೆ ಉಳಿಸಿಕೊಳ್ಳಿ, ಬೇರೆ ಏನನ್ನೂ ಮಾಡಬೇಡಿ. ತೆರೆಯದಿದ್ದರೂ ಅದರ ಕೆಳಗೆ ಕಾಣುವ ವಿಳಾಸವು ಫೈಲು ಎಲ್ಲಿತ್ತು ಎಂಬುದನ್ನು ಹೇಳುತ್ತದೆ. ಔಟ್‌ಲುಕ್‌ನ ತಾತ್ಕಾಲಿಕ ಫೋಲ್ಡರ್ ನಿಮ್ಮ ಖಾತೆಯ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಐನೆಟ್‌ಕ್ಯಾಶ್, ಕಂಟೆಂಟ್ ಡಾಟ್ ಔಟ್‌ಲುಕ್ ಎಂದು ಒಂದರೊಳಗೊಂದಾಗಿ ಅಡಗಿರುತ್ತದೆ. ಅದರೊಳಗೂ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ಇದನ್ನು ಬೇಕೆಂದೇ ಮರೆಮಾಡಿಟ್ಟಿರುವುದರಿಂದ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒಂದೊಂದಾಗಿ ತೆರೆಯುತ್ತ ಹೋದರೆ ಕಾಣಿಸುವುದಿಲ್ಲ. ವಿಳಾಸ ಪಟ್ಟಿಯಲ್ಲಿ ಪೂರ್ತಿ ದಾರಿಯನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ತೆರೆಯುತ್ತದೆ.

ಅಲ್ಲಿ ಫೈಲು ಸಿಕ್ಕೇ ಸಿಗುತ್ತದೆ ಎಂದು ಭರವಸೆ ಕೊಡಲಾರೆ. ಅಟ್ಯಾಚ್‌ಮೆಂಟ್ ಮುಚ್ಚಿದ ಮೇಲೆ ಔಟ್‌ಲುಕ್ ತಾತ್ಕಾಲಿಕ ಪ್ರತಿಯನ್ನು ಅಳಿಸಲು ನೋಡುತ್ತದೆ. ಎಕ್ಸೆಲ್‌ನಲ್ಲಿ ಫೈಲು ಇನ್ನೂ ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿದ್ದರೆ ಅಳಿಸಲಾಗದೆ ಬಿಟ್ಟಿರುತ್ತದೆ. ಅಂದರೆ ಅಶಿಸ್ತಿನಿಂದ ಮುಚ್ಚಿದವರಿಗೇ ಫೈಲು ಮರಳಿ ಸಿಗುವ ಸಾಧ್ಯತೆ ಹೆಚ್ಚು! ಸಿಗದಿದ್ದರೆ ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಇನ್ಫೋ, ಅಲ್ಲಿ ಮ್ಯಾನೇಜ್ ವರ್ಕ್‌ಬುಕ್ ಒತ್ತಿ, ಉಳಿಸದೆ ಬಿಟ್ಟ ಪ್ರತಿಗಳನ್ನು ಒಮ್ಮೆ ನೋಡಿ. ಈ ಹುಡುಕಾಟ ಮುಗಿಯುವವರೆಗೆ ಡಿಸ್ಕ್ ಸ್ವಚ್ಛಗೊಳಿಸುವ ಯಾವ ತಂತ್ರಾಂಶವನ್ನೂ ಓಡಿಸಬೇಡಿ. ಅವು ಮೊದಲು ಕೈಹಾಕುವುದೇ ಇಂಥ ತಾತ್ಕಾಲಿಕ ಫೋಲ್ಡರುಗಳಿಗೆ.

ಇನ್ನು ಮೇಲೆ ಹೀಗಾಗದಿರಲು ದಾರಿ ಒಂದೇ. ತಿದ್ದಬೇಕಾದ ಫೈಲನ್ನು ಮೊದಲು ಉಳಿಸಿ, ಆಮೇಲೆ ಉಳಿಸಿದ ಜಾಗದಿಂದ ತೆರೆಯಿರಿ. ನೀವು ಡಿ ಡ್ರೈವ್‌ನ ಫೋಲ್ಡರನ್ನು ಡೀಫಾಲ್ಟ್, ಅಂದರೆ ಉಳಿಸುವಾಗ ತಾನಾಗಿ ತೆರೆದುಕೊಳ್ಳುವ ಜಾಗ, ಮಾಡಿಕೊಂಡರೂ ಮೇಲ್‌ನಿಂದ ನೇರವಾಗಿ ತೆರೆದ ಫೈಲು ಆ ಅಡಗುತಾಣಕ್ಕೇ ಹೋಗುತ್ತದೆ. ತೆರೆಯುವುದಕ್ಕೂ ಉಳಿಸುವುದಕ್ಕೂ ಜಾಗ ಬೇರೆ ಬೇರೆ. ಈ ವಿಷಯದಲ್ಲಿ ನನ್ನ ಬಳಿ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಗೊಂದಲದಿಂದಲೇ ಹುಟ್ಟುತ್ತವೆ.

ಈಗ ನಿಮ್ಮ ಭಯಗಳಿಗೆ ಬರುತ್ತೇನೆ. ಡೀಫಾಲ್ಟ್ ಫೋಲ್ಡರ್ ಬದಲಿಸಿದರೆ ಹಳೆಯ ಫೈಲುಗಳು ಎಲ್ಲಿಯೂ ಹೋಗುವುದಿಲ್ಲ. ಡಾಕ್ಯುಮೆಂಟ್ಸ್‌ನಲ್ಲಿ ಇದ್ದವು ಅಲ್ಲಿಯೇ ಇರುತ್ತವೆ. ಬದಲಾಗುವುದು ಮುಂದಿನ ಸಲ ಸೇವ್ ಕಿಟಕಿ ಎಲ್ಲಿ ತೆರೆದುಕೊಳ್ಳಬೇಕು ಎಂಬುದಷ್ಟೇ. ಹಾಗೆಯೇ, ಡಿಸ್ಕಿನಲ್ಲಿ ಉಳಿಸಿದ ಪ್ರತಿಯನ್ನು ಅಳಿಸಿದರೆ ಮೇಲ್‌ನಲ್ಲಿರುವ ಅಟ್ಯಾಚ್‌ಮೆಂಟ್ ಅಳಿಯುವುದಿಲ್ಲ, ಮೇಲ್ ಅಳಿಸಿದರೆ ಉಳಿಸಿದ ಪ್ರತಿಗೆ ಏನೂ ಆಗುವುದಿಲ್ಲ. ಎರಡಕ್ಕೂ ಸಂಬಂಧ ಕಡಿದುಹೋಗಿರುತ್ತದೆ.

ರಿಜಿಸ್ಟ್ರಿಯ ವಿಷಯದಲ್ಲಿ ನಿಮ್ಮ ಇಬ್ಬರು ಸಹೋದ್ಯೋಗಿಗಳೂ ಅರ್ಧರ್ಧ ಸರಿ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ, ಅಂದರೆ ಆಫೀಸ್ ಜೊತೆಗೆ ಕಂಪ್ಯೂಟರಿನಲ್ಲಿ ಸ್ಥಾಪಿಸುವ ಈಗ ‘ಕ್ಲಾಸಿಕ್’ ಎಂದು ಕರೆಯುವ ಔಟ್‌ಲುಕ್‌ನಲ್ಲಿ, ಈ ಆಯ್ಕೆಗೆ ಮೆನುವಿನಲ್ಲಿ ಜಾಗವನ್ನೇ ಕೊಟ್ಟಿಲ್ಲ. ಇಷ್ಟು ವರ್ಷಗಳಿಂದ ಜನ ಇದನ್ನು ಕೇಳುತ್ತಿದ್ದರೂ ಒಂದು ಸಾಲಿನ ಆಯ್ಕೆಯನ್ನು ಸೇರಿಸಲು ಮೈಕ್ರೋಸಾಫ್ಟ್‌ಗೆ ಮನಸ್ಸು ಬಂದಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಅದೇ ಆಯ್ಕೆ ಆಪ್ಷನ್ಸ್‌ನ ಸೇವ್ ಪುಟದಲ್ಲೇ ಇದೆ. ಔಟ್‌ಲುಕ್‌ಗಾದರೆ ರಿಜಿಸ್ಟ್ರಿಯೇ ಗತಿ.

ರಿಜಿಸ್ಟ್ರಿ ಎಂದರೆ ವಿಂಡೋಸ್ ಮತ್ತು ಅದರ ಮೇಲೆ ಓಡುವ ತಂತ್ರಾಂಶಗಳು ತಮ್ಮ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ದಾಖಲೆ. ಬೇಕಾದ್ದನ್ನು ಬಿಟ್ಟು ಬೇರೆಯದನ್ನು ಅಳಿಸಿದರೆ ತೊಂದರೆ ಖಂಡಿತ ಆಗುತ್ತದೆ. ಆದರೆ ನಾವು ಏನನ್ನೂ ಅಳಿಸುತ್ತಿಲ್ಲ, ಒಂದು ಹೊಸ ಸಾಲನ್ನು ಸೇರಿಸುತ್ತಿದ್ದೇವೆ. ಅದೂ ನಿಮ್ಮ ಬಳಕೆದಾರ ಖಾತೆಗೆ ಮಾತ್ರ ಸೇರಿದ ಭಾಗದಲ್ಲಿ. ಆ ಸಾಲು ತಪ್ಪಾದರೆ ಆಗುವ ಕೆಡುಕೆಂದರೆ ಔಟ್‌ಲುಕ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ವಿಂಡೋಸ್ ಕೆಡುವುದಿಲ್ಲ.

ಮಾಡುವ ಬಗೆ ಇದು. ಮೊದಲು ಡಿ ಡ್ರೈವ್‌ನಲ್ಲಿ ನಿಮಗೆ ಬೇಕಾದ ಫೋಲ್ಡರ್ ಇದೆ ಎಂದು ಖಚಿತಪಡಿಸಿಕೊಳ್ಳಿ. ಔಟ್‌ಲುಕ್ ಇಲ್ಲದ ಫೋಲ್ಡರನ್ನು ತಾನಾಗಿ ಸೃಷ್ಟಿಸಿಕೊಡುತ್ತದೆ ಎಂದು ನಂಬಬೇಡಿ. ಔಟ್‌ಲುಕ್ ಮುಚ್ಚಿ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ರೆಜ್‌ಎಡಿಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಎಡಗಡೆಯ ಮರದಲ್ಲಿ ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್, ಆಪ್ಷನ್ಸ್ ಹೀಗೆ ಇಳಿಯುತ್ತ ಹೋಗಿ. ಆಫೀಸ್ 2016, 2019, 2021 ಮತ್ತು ಮೈಕ್ರೋಸಾಫ್ಟ್ 365 ಎಲ್ಲಕ್ಕೂ ಸಂಖ್ಯೆ 16.0 ಒಂದೇ. ಆಫೀಸ್ 2013 ಆಗಿದ್ದರೆ 15.0. ಆಪ್ಷನ್ಸ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಎಕ್ಸ್‌ಪೋರ್ಟ್ ಆರಿಸಿ ಅದರ ಒಂದು ಪ್ರತಿಯನ್ನು ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಈ ಹೆಜ್ಜೆಯನ್ನು ಬಿಡಬೇಡಿ. ಆಮೇಲೆ ಬಲಗಡೆಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ನ್ಯೂ, ಸ್ಟ್ರಿಂಗ್ ವ್ಯಾಲ್ಯೂ ಆರಿಸಿ. ಅದಕ್ಕೆ ಡೀಫಾಲ್ಟ್‌ಪಾತ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹೆಸರು ಕೊಡಿ. ಆ ಹೆಸರಿನ ಮೇಲೆ ಎರಡು ಸಲ ಒತ್ತಿ, ನಿಮ್ಮ ಫೋಲ್ಡರಿನ ಪೂರ್ತಿ ವಿಳಾಸವನ್ನು ತುಂಬಿ. ವಿಳಾಸವನ್ನು ಕೈಯಿಂದ ಟೈಪ್ ಮಾಡುವ ಬದಲು ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಿಂದ ಕಾಪಿ ಮಾಡುವುದು ಕ್ಷೇಮ. ಔಟ್‌ಲುಕ್ ತೆರೆದು ನೋಡಿ.

ಬೇಡವೆನಿಸಿದ ದಿನ ಆ ಒಂದು ಸಾಲನ್ನು ಅಳಿಸಿದರೆ ಎಲ್ಲವೂ ಮೊದಲಿನಂತೆ. ಈ ಬದಲಾವಣೆ ಅಟ್ಯಾಚ್‌ಮೆಂಟುಗಳಿಗಷ್ಟೇ ಅಲ್ಲ, ಇಡೀ ಮೇಲನ್ನೇ ಫೈಲಾಗಿ ಉಳಿಸುವಾಗಲೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ. ಕೆಲಸದ ನಡುವೆ ಬೇರೆ ಫೋಲ್ಡರಿಗೆ ಉಳಿಸಿದರೆ ಔಟ್‌ಲುಕ್ ಆ ಹೊತ್ತಿನ ಮಟ್ಟಿಗೆ ಅದನ್ನೇ ತೋರಿಸುತ್ತಿರಬಹುದು, ಮುಚ್ಚಿ ತೆರೆದಾಗ ಸರಿಹೋಗುತ್ತದೆ.

ಕಚೇರಿಯ ಕಂಪ್ಯೂಟರ್ ಎಂದಿರಿ. ಹಲವು ಸಂಸ್ಥೆಗಳಲ್ಲಿ ರಿಜಿಸ್ಟ್ರಿ ಎಡಿಟರನ್ನೇ ಬೀಗ ಹಾಕಿಟ್ಟಿರುತ್ತಾರೆ. ಹಾಗಿದ್ದರೆ ಬೀಗ ಒಡೆಯುವ ಉಪಾಯ ಹುಡುಕಬೇಡಿ, ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ. ಅವರಿಗೆ ಇದು ಎರಡು ನಿಮಿಷದ ಕೆಲಸ. ಅವರು ಒಪ್ಪದಿದ್ದರೂ ಪರವಾಗಿಲ್ಲ, ಏಕೆಂದರೆ ರಿಜಿಸ್ಟ್ರಿಯ ಗೊಡವೆಯೇ ಇಲ್ಲದ ಒಂದು ದಾರಿ ಇದೆ. ನಿಜ ಹೇಳಬೇಕೆಂದರೆ ನಾನು ಹೆಚ್ಚಿನವರಿಗೆ ಹೇಳುವುದು ಅದನ್ನೇ. ನಿಮ್ಮ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಪಿನ್ ಟು ಕ್ವಿಕ್ ಆಕ್ಸೆಸ್’ ಆರಿಸಿ. ಅಂದಿನಿಂದ ಎಲ್ಲ ಸೇವ್ ಕಿಟಕಿಗಳ ಎಡಬದಿಯಲ್ಲೂ ಆ ಫೋಲ್ಡರ್ ಕಾಣಿಸುತ್ತದೆ. ಒಂದೇ ಒತ್ತು ಹೆಚ್ಚು ಬೇಕು, ಅಷ್ಟೇ. ಹತ್ತಾರು ಬಿಲ್ಲುಗಳಿರುವ ಮೇಲ್ ಆದರೆ ಆ ಫೋಲ್ಡರನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅಟ್ಯಾಚ್‌ಮೆಂಟುಗಳನ್ನು ಮೌಸಿನಿಂದ ಎಳೆದು ಬಿಡಬಹುದು.

ಕ್ಲಾಸಿಕ್ ಬದಲು ‘ಹೊಸ ಔಟ್‌ಲುಕ್’ ನಿಮ್ಮ ಕಂಪ್ಯೂಟರಿಗೆ ಬಂದಿದ್ದರೆ ಮೇಲಿನ ರಿಜಿಸ್ಟ್ರಿ ಉಪಾಯ ನಾಟುವುದಿಲ್ಲ. ಅದು ಮೇಲ್ನೋಟಕ್ಕೆ ಅದೇ ತಂತ್ರಾಂಶದಂತೆ ಕಂಡರೂ ಒಳಗೆ ವೆಬ್ ಪುಟದ ಮಾದರಿಯಲ್ಲಿ ಕೆಲಸ ಮಾಡುತ್ತದೆ. ಹಳೆಯ ರಿಜಿಸ್ಟ್ರಿ ಸಾಲುಗಳನ್ನು ಅದು ಓದುವುದೇ ಇಲ್ಲ. ಫೈಲುಗಳು ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬೀಳುತ್ತವೆ. ‘ನೀವು ಹೇಳಿದಂತೆ ಮಾಡಿದೆ, ಏನೂ ಆಗಲಿಲ್ಲ’ ಎನ್ನುವವರ ಕಂಪ್ಯೂಟರಿನಲ್ಲಿ ಬಹುತೇಕ ಇದೇ ಇರುತ್ತದೆ.

ಮನೆಯ ಜಿಮೇಲ್ ಕಥೆ ಬೇರೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಫೋಲ್ಡರಿನ ಮಾತೇ ಇರುವುದಿಲ್ಲ, ಏಕೆಂದರೆ ಫೈಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಬ್ರೌಸರ್. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಡೌನ್‌ಲೋಡ್ಸ್ ಪುಟದಲ್ಲಿ ಲೊಕೇಶನ್ ಎದುರಿನ ಚೇಂಜ್ ಒತ್ತಿದರೆ ಬೇಕಾದ ಫೋಲ್ಡರ್ ಆರಿಸಬಹುದು. ಫೈರ್‌ಫಾಕ್ಸ್, ಎಡ್ಜ್ ಬ್ರೌಸರುಗಳಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಆದರೆ ಹೀಗೆ ಬದಲಿಸಿದರೆ ಜಿಮೇಲ್‌ನ ಬಿಲ್ಲುಗಳಷ್ಟೇ ಅಲ್ಲ, ಅಂತರ್ಜಾಲದಿಂದ ಇಳಿಸುವ ಪ್ರತಿಯೊಂದೂ, ಹಾಡು, ಚಿತ್ರ, ತಂತ್ರಾಂಶ ಎಲ್ಲವೂ ನಿಮ್ಮ ಲೆಕ್ಕಪತ್ರದ ಫೋಲ್ಡರಿಗೇ ಬಂದು ಸುರಿಯುತ್ತದೆ. ಆದ್ದರಿಂದ ಮೇಲ್‌ಗಾಗಿ ಬ್ರೌಸರ್ ಬಳಸುವವರಿಗೆ ನನ್ನ ಸಲಹೆ ಬೇರೆ: ಲೊಕೇಶನ್ ಮುಟ್ಟಬೇಡಿ, ಅದರ ಕೆಳಗಿರುವ ‘ಪ್ರತಿ ಫೈಲಿಗೂ ಎಲ್ಲಿ ಉಳಿಸಬೇಕೆಂದು ಕೇಳು’ ಎಂಬ ಗುಂಡಿಯನ್ನು ಒತ್ತಿ. ಒಮ್ಮೆ ಆರಿಸಿದ ಫೋಲ್ಡರನ್ನು ಕ್ರೋಮ್ ಮುಂದಿನ ಸಲವೂ ತೋರಿಸುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಕ್ರೋಮ್‌ನಲ್ಲಿ ಕೆಲಸಕ್ಕೆಂದೇ ಇನ್ನೊಂದು ಪ್ರೊಫೈಲ್ ಮಾಡಿಕೊಳ್ಳಿ. ಪ್ರತಿ ಪ್ರೊಫೈಲಿಗೂ ಅದರದೇ ಡೌನ್‌ಲೋಡ್ ಫೋಲ್ಡರ್ ಇರುತ್ತದೆ.

ಬೇರೆ ಮೇಲ್ ತಂತ್ರಾಂಶ ಬಳಸುವವರೂ ಇದನ್ನು ಓದಬಹುದು, ಅವರಿಗೊಂದು ಮಾತು. ಥಂಡರ್‌ಬರ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಫೈಲ್ಸ್ ಅಂಡ್ ಅಟ್ಯಾಚ್‌ಮೆಂಟ್ಸ್ ಎಂಬ ಭಾಗದಲ್ಲಿ, ಆಪಲ್ ಮೇಲ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಈ ಆಯ್ಕೆ ಎದ್ದು ಕಾಣುವಂತಿದೆ, ರಿಜಿಸ್ಟ್ರಿಯ ಹಂಗಿಲ್ಲ. ಥಂಡರ್‌ಬರ್ಡ್ ಬಳಸುವವರು ಒಂದು ಕಡೆ ಮಾತ್ರ ಎಚ್ಚರವಾಗಿರಬೇಕು. ಅಟ್ಯಾಚ್‌ಮೆಂಟಿನ ಮೇಲೆ ಬಲಗುಂಡಿ ಒತ್ತಿದಾಗ ಸೇವ್ ಆಸ್ ಜೊತೆಗೆ ಡಿಟ್ಯಾಚ್ ಎಂಬುದೂ ಕಾಣಿಸುತ್ತದೆ. ಡಿಟ್ಯಾಚ್ ಫೈಲನ್ನು ನಿಮ್ಮ ಫೋಲ್ಡರಿಗೆ ಉಳಿಸಿ, ಮೇಲ್‌ನಿಂದ ಕಿತ್ತುಹಾಕುತ್ತದೆ. ಮೇಲ್‌ಗಳನ್ನು ಸರ್ವರಿನಲ್ಲೇ ಇಟ್ಟುಕೊಳ್ಳುವ ಐಮ್ಯಾಪ್ ಖಾತೆಯಾದರೆ ಸರ್ವರಿನಿಂದಲೂ ಹೋಗುತ್ತದೆ. ‘ಉಳಿಸಿದ ಪ್ರತಿಗೂ ಮೇಲ್‌ಗೂ ಸಂಬಂಧವಿಲ್ಲ’ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಇದೊಂದು ಅಪವಾದ. ಆ ಮೇಲೆ ಡಿಸ್ಕಿನಲ್ಲಿರುವುದೇ ಏಕೈಕ ಪ್ರತಿ.

ಎಲ್ಲ ತಂತ್ರಾಂಶಗಳಿಗೂ ಒಟ್ಟಿಗೆ ಮದ್ದರೆಯುತ್ತೇನೆಂದು ವಿಂಡೋಸ್‌ನ ಡೌನ್‌ಲೋಡ್ಸ್ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಡಿ ಡ್ರೈವ್‌ಗೆ ಎತ್ತಿಡುವವರಿದ್ದಾರೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಪುಟದಿಂದ ಇದು ಸಾಧ್ಯ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಮಾಡಬೇಕಾದ ಕೆಲಸವೂ ಹೌದು. ಆದರೆ ಇದರಲ್ಲಿ ಎಡವಿದವರನ್ನು ಬಹಳ ನೋಡಿದ್ದೇನೆ. ಫೋಲ್ಡರ್ ಆರಿಸದೆ ಬರಿಯ ಡಿ ಡ್ರೈವನ್ನೇ ಆರಿಸಿಬಿಟ್ಟರೆ ಇಡೀ ಡ್ರೈವ್‌ ಡೌನ್‌ಲೋಡ್ಸ್ ಆಗಿ ಕೂರುತ್ತದೆ, ಅದನ್ನು ಮತ್ತೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎರಡಕ್ಕೂ ಒಂದೇ ವಿಳಾಸ ಕೊಟ್ಟರೆ ಎರಡೂ ಬೆರೆತುಹೋಗುತ್ತವೆ. ಡಾಕ್ಯುಮೆಂಟ್ಸ್ ಅನ್ನು ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್ ಬ್ಯಾಕಪ್ ಮಾಡುತ್ತಿದ್ದರೆ ಅದನ್ನು ಅಲ್ಲಿಂದ ಎಳೆದಾಡುವುದು ಇನ್ನೂ ತಲೆನೋವು. ಅಟ್ಯಾಚ್‌ಮೆಂಟಿನ ಸಲುವಾಗಿ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡ.

ಒನ್‌ಡ್ರೈವ್ ಮಾತು ಬಂದದ್ದರಿಂದ ಇದನ್ನೂ ಪರೀಕ್ಷಿಸಿ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರಿನ ವಿಳಾಸದಲ್ಲಿ ಒನ್‌ಡ್ರೈವ್ ಎಂಬ ಹೆಸರು ಕಾಣಿಸಿದರೆ ನೀವು ಇದುವರೆಗೆ ಉಳಿಸಿದ ಬಿಲ್ಲುಗಳೆಲ್ಲ ನಿಮಗೆ ಗೊತ್ತಿಲ್ಲದೆಯೇ ಕ್ಲೌಡ್‌ಗೂ ಹೋಗುತ್ತಿದ್ದವು. ಡಿ ಡ್ರೈವ್‌ಗೆ ಬದಲಿಸಿದ ದಿನದಿಂದ ಆ ಬ್ಯಾಕಪ್ ನಿಂತುಹೋಗುತ್ತದೆ. ಇದು ಅನುಕೂಲವೋ ಅನನುಕೂಲವೋ ನೀವೇ ನಿರ್ಧರಿಸಬೇಕು. ವೈಯಕ್ತಿಕ ಉಚಿತ ಖಾತೆಯಲ್ಲಿ 5 ಜಿಬಿ ಜಾಗ ಮಾತ್ರ, ಬೇಗ ತುಂಬುತ್ತದೆ. ಗ್ರಾಹಕರ ಲೆಕ್ಕಪತ್ರ ಕ್ಲೌಡ್‌ನಲ್ಲಿರಬಾರದು ಎಂಬ ನಿಯಮವೂ ಕೆಲವು ಸಂಸ್ಥೆಗಳಲ್ಲಿದೆ. ಆದರೆ ಡಿ ಡ್ರೈವ್‌ನಲ್ಲಿಟ್ಟರೆ ಫೈಲು ಭದ್ರ ಎಂಬ ನಂಬಿಕೆಗೆ ಆಧಾರವಿಲ್ಲ. ಬಹಳಷ್ಟು ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ವಿಂಡೋಸ್ ಮರುಸ್ಥಾಪಿಸುವಾಗ ಡಿ ಉಳಿಯಬಹುದು ನಿಜ, ಡಿಸ್ಕೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ.

ಯಾವ ಫೋಲ್ಡರನ್ನು ಡೀಫಾಲ್ಟ್ ಮಾಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಪೆನ್‌ಡ್ರೈವ್ ಬೇಡ. ಅದನ್ನು ತೆಗೆದ ದಿನ ವಿಳಾಸವೇ ಇಲ್ಲದಂತಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಇಂಟರ್‌ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಸುತ್ತದೆ. ಆ ಗುರುತು ಇರುವುದರಿಂದಲೇ ಎಕ್ಸೆಲ್ ಅಂಥ ಫೈಲನ್ನು ಹಳದಿ ಪಟ್ಟಿಯೊಂದಿಗೆ ‘ಪ್ರೊಟೆಕ್ಟೆಡ್ ವ್ಯೂ’ನಲ್ಲಿ ತೆರೆಯುವುದು, ಅದರೊಳಗಿನ ಮ್ಯಾಕ್ರೋಗಳನ್ನು, ಅಂದರೆ ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂಗಳನ್ನು, ತಡೆಯುವುದು. ಈ ಗುರುತು ನಿಲ್ಲುವುದು ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ. ಹೆಚ್ಚಿನ ಪೆನ್‌ಡ್ರೈವ್‌ಗಳ ಫ್ಯಾಟ್32, ಎಕ್ಸ್‌ಫ್ಯಾಟ್ ಮಾದರಿಗಳಲ್ಲಿ ಅದಕ್ಕೆ ಜಾಗವೇ ಇಲ್ಲ, ಉದುರಿಹೋಗುತ್ತದೆ. ಆಗ ಅಪರಿಚಿತರು ಕಳುಹಿಸಿದ ಫೈಲನ್ನೂ ಎಕ್ಸೆಲ್ ನಿಮ್ಮದೇ ಫೈಲಿನಂತೆ ತೆರೆದುಬಿಡುತ್ತದೆ.

ಇದೇ ಕಾರಣಕ್ಕೆ, ಹಳದಿ ಪಟ್ಟಿ ಪದೇಪದೇ ಬರುತ್ತದೆಂದು ಬೇಸತ್ತು ನಿಮ್ಮ ಹೊಸ ಫೋಲ್ಡರನ್ನು ಆಫೀಸ್‌ನ ‘ಟ್ರಸ್ಟೆಡ್ ಲೊಕೇಶನ್ಸ್’ ಪಟ್ಟಿಗೆ ಸೇರಿಸಲು ಹೋಗಬೇಡಿ. ಹಾಗೆ ಮಾಡಿಸಿಕೊಂಡವರ ಕಂಪ್ಯೂಟರುಗಳನ್ನು ನೋಡಿದ್ದೇನೆ. ಹೊರಗಿನಿಂದ ಬರುವ ಪ್ರತಿ ಫೈಲೂ ಬಂದು ಬೀಳುವ ಜಾಗವನ್ನು ‘ಇಲ್ಲಿರುವುದೆಲ್ಲ ನಂಬಿಕಸ್ತರದು’ ಎಂದು ಗುರುತಿಸಿದರೆ ಕಳ್ಳನಿಗೆ ಮನೆಯ ಬೀಗದ ಕೈ ಕೊಟ್ಟಂತೆ. ಲೆಕ್ಕಪತ್ರ ವಿಭಾಗಕ್ಕೆ ಬಿಲ್ಲಿನ ಹೆಸರಿನಲ್ಲಿ ಮ್ಯಾಕ್ರೋ ತುಂಬಿದ ಎಕ್ಸೆಲ್ ಕಳುಹಿಸುವುದು ವಂಚಕರ ಹಳೆಯ ಚಾಳಿ. ಮೈಕ್ರೋಸಾಫ್ಟ್ 2022ರಲ್ಲಿ ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಡೀಫಾಲ್ಟ್ ಆಗಿಯೇ ತಡೆಯಲು ಆರಂಭಿಸಿದ್ದು ಇದಕ್ಕಾಗಿ.

ನೆಟ್‌ವರ್ಕ್ ಡ್ರೈವ್ ಕೂಡ ಬೇಡ ಎನ್ನುತ್ತೇನೆ. ಸಂಪರ್ಕ ಕಡಿದ ದಿನ ಸೇವ್ ಕಿಟಕಿ ತೆರೆಯುವುದಕ್ಕೇ ಒದ್ದಾಡುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು, ಉದ್ದುದ್ದ ಹೆಸರು ಕೊಟ್ಟು ಆಳಕ್ಕೆ ಹೋಗುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ವಿಂಡೋಸ್‌ನ ಹಳೆಯ ಮಿತಿಯ ಪ್ರಕಾರ ಪೂರ್ತಿ ವಿಳಾಸ 260 ಅಕ್ಷರ ಮೀರಬಾರದು, ಎಕ್ಸೆಲ್‌ಗಂತೂ 218 ಅಕ್ಷರಕ್ಕೇ ಉಸಿರು ಕಟ್ಟುತ್ತದೆ. ಕಳುಹಿಸುವವರು ಅಟ್ಯಾಚ್‌ಮೆಂಟಿಗೆ ಒಂದು ವಾಕ್ಯದಷ್ಟು ಉದ್ದದ ಹೆಸರಿಟ್ಟಿದ್ದರೆ ಫೈಲು ಉಳಿಯದೆ ವಿಚಿತ್ರವಾದ ದೋಷದ ಸಂದೇಶ ಬರುವುದು ಇದರಿಂದಲೇ. ಡಿ ಡ್ರೈವ್‌ನ ಮೊದಲ ಹಂತದಲ್ಲೇ, ಚಿಕ್ಕ ಹೆಸರಿನ ಒಂದೇ ಫೋಲ್ಡರ್ ಸಾಕು. ಬಂದ ಫೈಲುಗಳೆಲ್ಲ ಮೊದಲು ಅಲ್ಲಿಗೆ ಬರಲಿ, ಗ್ರಾಹಕರ ಹೆಸರಿನ ಫೋಲ್ಡರುಗಳಿಗೆ ಆಮೇಲೆ ವಿಂಗಡಿಸಿ. ಡೀಫಾಲ್ಟನ್ನೇ ಯಾವುದೋ ಒಬ್ಬ ಗ್ರಾಹಕರ ಫೋಲ್ಡರಿಗೆ ಇಟ್ಟರೆ ಒಬ್ಬರ ಬಿಲ್ಲು ಇನ್ನೊಬ್ಬರ ಕಡತ ಸೇರುವುದು ಬರಿಯ ಸಮಯದ ಪ್ರಶ್ನೆ.

ಮನೆಯಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೇ ಬಳಸುತ್ತ ಹೋಗುವುದಾದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಸೆನ್ಸ್ ತೆರೆದು ಒಂದು ಸಾಲು ನೋಡಿ. ಇಂತಿಷ್ಟು ದಿನ ತೆರೆಯದ ಡೌನ್‌ಲೋಡ್ಸ್ ಫೈಲುಗಳನ್ನು ತಾನಾಗಿ ಅಳಿಸುವ ಆಯ್ಕೆ ಅಲ್ಲಿದೆ. ಸಾಮಾನ್ಯವಾಗಿ ಅದು ‘ಎಂದಿಗೂ ಬೇಡ’ ಎಂದೇ ಇರುತ್ತದೆ. ಆದರೆ ಯಾರಾದರೂ 30 ದಿನ ಎಂದು ಇಟ್ಟಿದ್ದರೆ ಕಳೆದ ತ್ರೈಮಾಸಿಕದ ಬಿಲ್ಲುಗಳನ್ನು ಹುಡುಕುವಾಗ ಫೋಲ್ಡರ್ ಖಾಲಿ ಹೊಡೆಯುತ್ತದೆ.

ಮೊಬೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಆಂಡ್ರಾಯ್ಡ್‌ನ ಜಿಮೇಲ್ ಆಪ್ ಅಟ್ಯಾಚ್‌ಮೆಂಟುಗಳನ್ನು ಡೌನ್‌ಲೋಡ್ಸ್‌ಗೇ ಇಳಿಸುತ್ತದೆ, ಆ ಜಾಗವನ್ನು ಬದಲಿಸುವ ಆಯ್ಕೆ ಆಪ್‌ನಲ್ಲಿಲ್ಲ. ಬೇಕಾದರೆ ಡೌನ್‌ಲೋಡ್ ಬದಲು ಡ್ರೈವ್ ಗುರುತನ್ನು ಒತ್ತಿ ಗೂಗಲ್ ಡ್ರೈವ್‌ಗೆ ಸೇರಿಸಬಹುದು. ಐಫೋನ್‌ನ ಮೇಲ್ ಆಪ್‌ನಲ್ಲಿ ‘ಸೇವ್ ಟು ಫೈಲ್ಸ್’ ಒತ್ತಿದಾಗ ಪ್ರತಿ ಸಲವೂ ಫೋಲ್ಡರ್ ಆರಿಸಿಕೊಳ್ಳಬಹುದು.